ಗುರಿಕಾರರ ಮಸಿ

ಬಂದೂಕಿನ ನಳಿಗೆಯ ಮೂತಿಯ ಬಳಿ ನಿಂತ ಪುಟ್ಟ ಲೋಹದ ಮೊನೆ, ಹಿಂಬದಿಯಲ್ಲಿ ಕಣ್ಣಿಗೆ ಹತ್ತಿರವಾಗಿ ಕೂತ ಸೀಳು ಅಥವಾ ತೂತು. ಗುರಿ ಹಿಡಿಯಲು ಇರುವ ಸಾಧನ ಇವೆರಡೇ. ಸೈನ್ಯ, ಪೊಲೀಸ್ ಮತ್ತು ಎನ್‌ಸಿಸಿ ತರಬೇತಿಯಲ್ಲಿ ಮುಂದಿನದಕ್ಕೆ ಫೋರ್‌ಸೈಟ್, ಹಿಂದಿನದಕ್ಕೆ ಬ್ಯಾಕ್‌ಸೈಟ್ ಎಂದು ಹೆಸರು. ಸೀಳಿನ ನಡುವೆ ಮೊನೆ, ಮೊನೆಯ ನೆತ್ತಿಯ ಮೇಲೆ ಗುರಿ. ಈ ಮೂರೂ ಒಂದೇ ಗೆರೆಗೆ ಬಂದಾಗ ಕುದುರೆ ಒತ್ತಬೇಕು. ಆ ಗೆರೆಯನ್ನು ಕೆಡಿಸುವುದರಲ್ಲಿ ಗಾಳಿ, ಉಸಿರು, ಕೈನಡುಕಗಳಷ್ಟೇ ಪಾಲು ಬಿಸಿಲಿಗೂ ಇದೆ. ಉಕ್ಕಿನ ಮೊನೆ ಬಿಸಿಲಿಗೆ ಮಿರುಗಿದರೆ ಕಣ್ಣು ಮೋಸಹೋಗುತ್ತದೆ. ಆ ಮಿರುಗನ್ನು ಅಡಗಿಸಲು ಗುರಿಕಾರರು ನೂರು ವರ್ಷಕ್ಕೂ ಹೆಚ್ಚು ಕಾಲ ನೆಚ್ಚಿಕೊಂಡಿದ್ದು ದೀಪದ ಮಸಿಯನ್ನು.

ಮೋಸ ಆಗುವ ಬಗೆ ಹೀಗೆ. ಸೂರ್ಯ ಎಡಗಡೆ ಇದ್ದಾನೆ ಎನ್ನೋಣ. ಫೋರ್‌ಸೈಟಿನ ಎಡಮೈ ಬೆಳಗುತ್ತದೆ, ಬಲಮೈ ನೆರಳಲ್ಲೇ ಉಳಿಯುತ್ತದೆ. ಹೊಳೆಯುವ ಅಂಚು ಕಣ್ಣನ್ನು ಸೆಳೆದುಕೊಳ್ಳುವುದರಿಂದ ಗುರಿಕಾರ ತನಗೆ ಅರಿವಿಲ್ಲದೆಯೇ ಅದನ್ನೇ ಇಡೀ ಮೊನೆ ಎಂದುಕೊಂಡು ಸೀಳಿನ ನಡುವಿಗೆ ತರುತ್ತಾನೆ. ಮೊನೆಯ ನಿಜವಾದ ನಡುಭಾಗ ಆಗ ಬಲಕ್ಕೆ ಸರಿದಿರುತ್ತದೆ, ಅದರೊಡನೆ ನಳಿಗೆಯ ಮೂತಿಯೂ ಬಲಕ್ಕೆ ತಿರುಗಿರುತ್ತದೆ. ಗುಂಡು ಬಿಸಿಲು ಬಂದ ಕಡೆಗೆ ಎದುರು ದಿಕ್ಕಿನಲ್ಲಿ ಬೀಳುತ್ತದೆ. ಇದು ತಿರುಗುಮುರುಗಾಗುವುದೂ ಉಂಟು. ಬಿಳಿಯ ಗುರಿಹಲಗೆಯ ಎದುರು ಹೊಳೆಯುವ ಅಂಚು ಆ ಬಿಳುಪಿನಲ್ಲೇ ಕರಗಿಹೋದರೆ ಕಣ್ಣಿಗೆ ಉಳಿಯುವುದು ನೆರಳಿನ ಭಾಗ ಮಾತ್ರ. ಆಗ ಗುಂಡು ಬಿಸಿಲಿನ ಕಡೆಗೇ ವಾಲುತ್ತದೆ. ಮೊನೆಯ ನೆತ್ತಿ ಮಿರುಗಿದರೆ ಎತ್ತರದ ಲೆಕ್ಕ ತಪ್ಪುತ್ತದೆ. ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ತಪ್ಪುವ ಬಂದೂಕನ್ನು ಸೈಟಿನ ತಿರುಪು ತಿರುಗಿಸಿ ಸರಿಪಡಿಸಿಕೊಳ್ಳಬಹುದು. ಮೋಡ ಬಂದು ಹೋದಂತೆಲ್ಲ ಬದಲಾಗುವ ತಪ್ಪಿಗೆ ಆ ಉಪಾಯ ನಡೆಯುವುದಿಲ್ಲ. ಹೊಳಪಿನ ನಿಜವಾದ ಕೇಡು ಇರುವುದು ಇಲ್ಲಿ.

ಈ ಕೇಡಿನ ಅಳತೆಯನ್ನು ಲೆಕ್ಕ ಹಾಕಿ ನೋಡಬಹುದು. ಅಮೆರಿಕದ ಎಂ1 ಗ್ಯಾರಂಡ್ ರೈಫಲಿನಲ್ಲಿ ಎರಡು ಸೈಟುಗಳ ನಡುವಿನ ಅಂತರ ಸುಮಾರು 71 ಸೆಂಟಿಮೀಟರ್, ಫೋರ್‌ಸೈಟಿನ ಅಗಲ ಸುಮಾರು 2 ಮಿಲಿಮೀಟರ್. ಹೊಳಪಿನಿಂದ ಮೋಸಹೋದ ಕಣ್ಣು ಆ ಮೊನೆಯನ್ನು ಕಾಲು ಮಿಲಿಮೀಟರ್ ಪಕ್ಕಕ್ಕೆ ಇಟ್ಟಿತೆಂದರೆ 200 ಗಜ, ಅಂದರೆ 183 ಮೀಟರ್ ದೂರದಲ್ಲಿ ಗುಂಡು ಆರೂವರೆ ಸೆಂಟಿಮೀಟರ್ ಆಚೆ ಬೀಳುತ್ತದೆ. 600 ಗಜದಲ್ಲಿ ಅದೇ ತಪ್ಪು 20 ಸೆಂಟಿಮೀಟರಿನ ಹತ್ತಿರಕ್ಕೆ ಬೆಳೆಯುತ್ತದೆ. ಪಿಸ್ತೂಲಿನ ಪಾಡು ಇನ್ನೂ ಕಷ್ಟ. ಅದರ ಎರಡು ಸೈಟುಗಳ ನಡುವೆ ಗೇಣುದ್ದವೂ ಇರುವುದಿಲ್ಲವಾಗಿ, ರೈಫಲು 200 ಗಜದಲ್ಲಿ ತೋರಿಸುವ ತಪ್ಪನ್ನು ಅದು 50 ಗಜದಲ್ಲೇ ತೋರಿಸಿಬಿಡುತ್ತದೆ.

ಪರಿಹಾರ ಕಪ್ಪು ಬಣ್ಣ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಆದರೆ ಕಪ್ಪಾಗಿರುವುದೆಲ್ಲ ಮಂಕಾಗಿರುವುದಿಲ್ಲ. ಪಾಲಿಷ್ ಹಾಕಿದ ಕರಿಯ ಬೂಟು ಕಪ್ಪೇ, ಆದರೂ ಅದರ ಮೂತಿಯಲ್ಲಿ ಕಿಟಕಿಯ ಬೆಳಕು ಮೂಡಿ ಕಾಣುತ್ತದೆ. ನಯವಾದ ಮೈ ತನ್ನ ಮೇಲೆ ಬಿದ್ದ ಬೆಳಕನ್ನು ಚದುರಿಸದೆ ಒಂದೇ ದಿಕ್ಕಿಗೆ ಹಿಂದಿರುಗಿಸುತ್ತದೆ. ಆ ದಿಕ್ಕಿನಲ್ಲಿ ಕಣ್ಣು ಇದ್ದರೆ ಕೋರೈಸುತ್ತದೆ. ಆದ್ದರಿಂದ ಬೇಕಾದದ್ದು ಎರಡು ಗುಣ: ಬೆಳಕನ್ನು ನುಂಗುವ ಬಣ್ಣ, ಉಳಿದ ಅಲ್ಪಸ್ವಲ್ಪವನ್ನು ಎಲ್ಲ ದಿಕ್ಕಿಗೂ ಚೆದುರಿಸುವ ಒರಟು ಮೈ. ಇವೆರಡೂ ತಾವಾಗಿ ಕೂಡಿಬಂದಿರುವ ವಸ್ತು ದೀಪದ ಮಸಿ. ಉರಿಯಲ್ಲಿ ಪೂರ್ತಿ ಸುಡದೆ ಉಳಿದ ಇಂಗಾಲದ ಅತಿಸಣ್ಣ ಕಣಗಳು ಸರಪಳಿಯಂತೆ ಒಂದಕ್ಕೊಂದು ಅಂಟಿ, ನಡುವೆ ಲೆಕ್ಕವಿಲ್ಲದಷ್ಟು ಸಂದುಗಳನ್ನು ಬಿಟ್ಟುಕೊಂಡು ಲೋಹದ ಮೇಲೆ ಕೂರುತ್ತವೆ. ಸಂದಿಗೆ ಹೊಕ್ಕ ಬೆಳಕು ಗೋಡೆಯಿಂದ ಗೋಡೆಗೆ ಬಡಿದು ಅಲ್ಲೇ ಇಂಗಿಹೋಗುತ್ತದೆ. ಮಸಿ ಹೀಗೆ ಹೀರಿಕೊಳ್ಳುವುದು ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು 95 ಪ್ರತಿಶತ. ಸ್ಕಾಟ್ಲೆಂಡಿನ ವಿಜ್ಞಾನಿ ಜಾನ್ ಲೆಸ್ಲಿ 1804ರಲ್ಲಿ ಶಾಖದ ಪ್ರಸರಣದ ಬಗ್ಗೆ ಬರೆದಾಗ, ಬಿಸಿನೀರು ತುಂಬಿದ ಲೋಹದ ಘನದ ಒಂದು ಮುಖಕ್ಕೆ ದೀಪದ ಮಸಿಯನ್ನೇ ಬಳಿದು ಪ್ರಯೋಗ ಮಾಡಿದ್ದ. ಪ್ರಯೋಗಶಾಲೆಯವರು ಕಪ್ಪೆಂದರೆ ಇದೇ ಎಂದು ಒಪ್ಪಿಕೊಂಡ ವಸ್ತು, ಬಂದೂಕಿನ ಮೂತಿಗೆ ಬಂದು ತಲುಪಲು ಅಲ್ಲಿಂದ ಮುಂದೆ ಬಹಳ ವರ್ಷ ಹಿಡಿಯಿತು.

ತಡವಾದದ್ದಕ್ಕೆ ಕಾರಣ ಬಂದೂಕಿನಲ್ಲೇ ಇತ್ತು. 18ನೇ ಶತಮಾನದ ಯುರೋಪಿನ ಕಾಲಾಳುಗಳ ಕೈಯಲ್ಲಿದ್ದ ಮಸ್ಕೆಟ್ಟಿನ ನಳಿಗೆಯ ಒಳಮೈ ನಯವಾಗಿತ್ತು. ಗುಂಡು ನಳಿಗೆಗಿಂತ ಸಣ್ಣದಾಗಿದ್ದು, ಸಡಿಲವಾಗಿ ಅತ್ತಿತ್ತ ಬಡಿದುಕೊಂಡೇ ಹೊರಬೀಳುತ್ತಿತ್ತು. ನೂರು ಗಜದಾಚೆ ನಿಂತ ಒಬ್ಬನೇ ಮನುಷ್ಯನಿಗೆ ಅದು ತಾಗಿದರೆ ಅದೃಷ್ಟವೆನ್ನಬೇಕು. ಆದ್ದರಿಂದಲೇ ಸಾಲುಗಟ್ಟಿ ನಿಂತು, ಅಪ್ಪಣೆಯಾದೊಡನೆ ಎಲ್ಲರೂ ಒಟ್ಟಿಗೆ ಹಾರಿಸುವುದು ಆ ಕಾಲದ ಯುದ್ಧಕ್ರಮವಾಗಿತ್ತು. ಬ್ರಿಟಿಷರ ಬ್ರೌನ್ ಬೆಸ್ ಮಸ್ಕೆಟ್ಟಿಗೆ ಹಿಂದಿನ ಸೈಟು ಇರಲೇ ಇಲ್ಲ. ಮುಂದುಗಡೆ ಇದ್ದ ಗುಬುಟು ಮುಖ್ಯವಾಗಿ ಬಯೊನೆಟ್ಟನ್ನು ಸಿಕ್ಕಿಸಲು ಇದ್ದದ್ದು; ಗುರಿಗೆ ಬಳಕೆಯಾದರೆ ಅದು ಮೇಲಿನ ಲಾಭ. ಅಂಥ ಬಂದೂಕಿನಲ್ಲಿ ಕಾಲು ಮಿಲಿಮೀಟರಿನ ತಪ್ಪನ್ನು ಯಾರೂ ಗಮನಿಸುವ ಹಾಗಿರಲಿಲ್ಲ. ಬದಲಿಗೆ ನಳಿಗೆಯನ್ನು ಕನ್ನಡಿಯಂತೆ ಉಜ್ಜಿ ಬೆಳಗುವುದೇ ಶಿಸ್ತಿನ ಗುರುತಾಗಿತ್ತು. ಕವಾಯತಿನ ಮೈದಾನದಲ್ಲಿ ಸಾವಿರ ನಳಿಗೆಗಳು ಒಟ್ಟಿಗೆ ಮಿಂಚಬೇಕೆಂಬುದು ಅಧಿಕಾರಿಗಳ ಆಸೆ.

ಹೊಳಪಿನ ವಿರುದ್ಧ ಮೊದಲು ಎದ್ದ ದೂರು ಗುರಿಕಾರನ ಕಣ್ಣಿನದಲ್ಲ, ಶತ್ರುವಿನ ಕಣ್ಣಿನದು. ಬಂದೂಕಿನ ಹೊಳಪಿನಲ್ಲಿ ಎರಡು ಬಗೆ ಇದೆ: ದೂರದವರಿಗೆ ಸುಳಿವು ಕೊಡುವ ಹೊಳಪು ಒಂದು, ಹಿಡಿದವನ ಕಣ್ಣನ್ನೇ ಕೆಡಿಸುವ ಹೊಳಪು ಇನ್ನೊಂದು. ಇವೆರಡನ್ನೂ ಬೆರೆಸಿ ಹೇಳುವ ಬರಹಗಳು ಬಹಳ. ಆದರೆ ಅವುಗಳ ಚರಿತ್ರೆ ಬೇರೆ, ಪರಿಹಾರವೂ ಬೇರೆ. 1800ರಲ್ಲಿ ಬ್ರಿಟಿಷ್ ಸೈನ್ಯ ಬೇಕರ್ ರೈಫಲನ್ನು ಆಯ್ದುಕೊಂಡು, ಅದಕ್ಕೆಂದೇ ಮುಂದೆ 95ನೇ ರೈಫಲ್ಸ್ ಎಂದು ಹೆಸರಾದ ಪಡೆಯನ್ನು ಕಟ್ಟಿತು. ಪೊದೆ, ಬಂಡೆ, ಗೋಡೆಗಳ ಮರೆಯಲ್ಲಿ ಚದುರಿ ನಿಂತು ಒಬ್ಬೊಬ್ಬರಾಗಿ ಗುರಿಯಿಟ್ಟು ಹೊಡೆಯುವುದು ಅವರ ಕೆಲಸ. ಅವರ ಸಮವಸ್ತ್ರ ಕಡುಹಸಿರು, ಪಟ್ಟಿಗಳು ಕಪ್ಪು, ನಳಿಗೆ ಕಂದು. ಮರೆಯಲ್ಲಿ ಅಡಗಿದವನನ್ನು ಬೆಳಗಿದ ನಳಿಗೆ ಅರ್ಧ ಮೈಲಿ ದೂರದಿಂದಲೇ ತೋರಿಸಿಕೊಡುತ್ತದೆ ಎಂಬುದು ಆ ಪಡೆಗೆ ಪ್ರಾಣದ ವಿಷಯವಾಗಿತ್ತು.

ನಳಿಗೆಗೆ ಕಂದು ಬರಿಸುತ್ತಿದ್ದ ರೀತಿ ತಾಳ್ಮೆಯ ಕೆಲಸ. ನಳಿಗೆಯನ್ನು ಸುಣ್ಣದಲ್ಲಿ ಉಜ್ಜಿ ಜಿಡ್ಡಿನ ಸುಳಿವೂ ಇಲ್ಲದಂತೆ ಮಾಡಿ, ಎರಡು ತುದಿಗೂ ಮರದ ಬಿರಡೆ ಬಡಿದು, ಆಮ್ಲ ಮತ್ತು ಲೋಹದ ಲವಣಗಳ ದ್ರಾವಣವನ್ನು ಬಟ್ಟೆಯಲ್ಲಿ ತೆಳುವಾಗಿ ಸವರಿ ತೇವದ ಜಾಗದಲ್ಲಿ ಇಡುತ್ತಿದ್ದರು. ಮರುದಿನಕ್ಕೆ ಮೈತುಂಬ ಕೆಂಪು ತುಕ್ಕು. ಅದನ್ನು ತಂತಿಯ ಕುಂಚದಿಂದ ಉಜ್ಜಿ ತೆಗೆದರೆ ಅಡಿಯಲ್ಲಿ ಗಟ್ಟಿಯಾಗಿ ಕಚ್ಚಿಕೊಂಡ ತೆಳ್ಳನೆಯ ಕಂದು ಪದರ ಉಳಿಯುತ್ತಿತ್ತು. ಮತ್ತೆ ಸವರುವುದು, ಮತ್ತೆ ತುಕ್ಕು ಹಿಡಿಸುವುದು, ಮತ್ತೆ ಉಜ್ಜುವುದು. ಬಣ್ಣ ಒಪ್ಪುವಷ್ಟು ಗಾಢವಾದ ಮೇಲೆ ಬಿಸಿನೀರು ಸುರಿದು ಆಮ್ಲವನ್ನು ಕೊಂದು, ಎಣ್ಣೆ ಅಥವಾ ಮೇಣ ಹಚ್ಚುತ್ತಿದ್ದರು. ತುಕ್ಕನ್ನೇ ತುಕ್ಕಿಗೆ ಕಾವಲಿಟ್ಟ ಈ ಉಪಾಯ ಲೋಹಗಾರರ ಜಾಣ್ಮೆಗೆ ಒಳ್ಳೆಯ ಸಾಕ್ಷಿ. ಇದೇ ಕೆಲಸದಲ್ಲಿ ಪ್ರತಿ ಸಲವೂ ನಳಿಗೆಯನ್ನು ನೀರಿನಲ್ಲಿ ಕುದಿಸಿದರೆ ಕೆಂಪು ಆಕ್ಸೈಡು ಕಪ್ಪು ಆಕ್ಸೈಡಾಗಿ ಬದಲಾಗಿ ನೀಲಿಗಪ್ಪು ಬಣ್ಣ ಬರುತ್ತದೆ. ಬ್ಲೂಯಿಂಗ್ ಎಂದು ಕರೆಯುವ ಕ್ರಮಗಳಲ್ಲಿ ಇದೂ ಒಂದು.

ಮರೆಯ ಬಣ್ಣಗಳ ಈ ಚರಿತ್ರೆ ಬಟ್ಟೆಯಲ್ಲೂ ಮುಂದುವರಿದು, 19ನೇ ಶತಮಾನದ ನಡುವೆ ಭಾರತದ ವಾಯವ್ಯ ಗಡಿಯಲ್ಲಿ ಖಾಕಿಯಾಗಿ ನೆಲೆಗೊಂಡಿತು. ಮಂಗಳೂರಿನ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಗೆ ಖಾಕಿಯಿಂದ ಬಂದ ಹೆಸರು ಕರಾವಳಿಯವರಿಗೆ ಗೊತ್ತಿರುವಂಥದ್ದು. ಆದರೆ ಬಟ್ಟೆಯ ಬಣ್ಣವಾಗಲಿ ನಳಿಗೆಯ ಕಂದಾಗಲಿ ಗುರಿಕಾರನ ಕಣ್ಣಿನ ತೊಂದರೆಯನ್ನು ತೀರಿಸಲಿಲ್ಲ. ಆ ತೊಂದರೆ ಎದ್ದು ಕಾಣತೊಡಗಿದ್ದು ಬಂದೂಕು ನಿಜವಾಗಿ ಗುರಿ ಮುಟ್ಟಲು ಕಲಿತ ಮೇಲೆ.

1849ರಲ್ಲಿ ಫ್ರಾನ್ಸಿನ ಸೇನಾಧಿಕಾರಿ ಕ್ಲೋಡ್ ಎತಿಯೆನ್ ಮಿನಿಯೆ ಬುಡದಲ್ಲಿ ಟೊಳ್ಳಿರುವ ಸೀಸದ ಗುಂಡನ್ನು ರೂಪಿಸಿದ. ಮದ್ದು ಸಿಡಿದಾಗ ಗುಂಡಿನ ಬುಡ ಅರಳಿ, ರೈಫಲಿನ ನಳಿಗೆಯ ಒಳಮೈಯಲ್ಲಿ ಕೊರೆದ ತಿರುಚುಗೆರೆಗಳನ್ನು ಕಚ್ಚಿಕೊಳ್ಳುತ್ತಿತ್ತು. ಬಾಯಿಯಿಂದ ಸಲೀಸಾಗಿ ತುಂಬಬಹುದಾದ, ಆದರೂ ಹಲವು ನೂರು ಗಜ ನೇರವಾಗಿ ಹೋಗುವ ರೈಫಲು ಸಾಮಾನ್ಯ ಸಿಪಾಯಿಯ ಕೈಗೆ ಬಂತು. ಬ್ರಿಟಿಷರು 1853ರಲ್ಲಿ ಎನ್‌ಫೀಲ್ಡ್ ರೈಫಲನ್ನು ಒಪ್ಪಿಕೊಂಡರು. ಗುರಿ ಹೊಡೆಯುವುದನ್ನು ವಿದ್ಯೆಯಾಗಿ ಕಲಿಸುವ ಶಾಲೆಯನ್ನು ಅದೇ ವರ್ಷ ಹೈಥ್ ಎಂಬ ಕಡಲತಡಿಯ ಊರಿನಲ್ಲಿ ತೆರೆದರು. ದೂರವನ್ನು ಕಣ್ಣಂದಾಜಿನಲ್ಲಿ ಅಳೆಯುವುದು, ಗಾಳಿಗೆ ಲೆಕ್ಕ ಹಾಕುವುದು, ಸೈಟನ್ನು ದೂರಕ್ಕೆ ತಕ್ಕಂತೆ ಏರಿಸುವುದು ಇವೆಲ್ಲ ಸಿಪಾಯಿ ಕಲಿಯಬೇಕಾದ ಪಾಠಗಳಾದವು. ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ ಎಂದು ನೋಡಿಕೊಳ್ಳುವ ಎಚ್ಚರವೂ ಆ ಕಾಲದಿಂದ ಗುರಿವಿದ್ಯೆಗೆ ಸೇರಿತು.

ಆದರೆ ಕಾರ್ಖಾನೆಗಳ ರೂಢಿ ಅಷ್ಟು ಬೇಗ ಬಿಡಲಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಲಕ್ಷಾಂತರ ಸಂಖ್ಯೆಯಲ್ಲಿ ಬಳಕೆಯಾದ 1861ರ ಸ್ಪ್ರಿಂಗ್‌ಫೀಲ್ಡ್ ರೈಫಲಿನ ನಳಿಗೆಯನ್ನು ಬೆಳಗಿದ ಉಕ್ಕಿನಂತೆ ಬಿಳಿಯಾಗಿಯೇ ಬಿಡಲಾಗಿತ್ತು. ಹಿಂದಿನ ಸೈಟಿಗೆ ಮಾತ್ರ ನೀಲಿಗಪ್ಪು. ಮುಂದಿನ ಸೈಟು ಇನ್ನೂ ಬಯೊನೆಟ್ಟಿನ ಗುಬುಟಿನ ಮೇಲೆಯೇ ಇದ್ದು, ನಳಿಗೆಯೊಡನೆ ತಾನೂ ಥಳಥಳಿಸುತ್ತಿತ್ತು. 500 ಗಜಕ್ಕೆ ಗುರುತು ಮಾಡಿದ ಸೈಟನ್ನು ಹಿಂದೆ ಕೂರಿಸಿ, ಮುಂದೆ ಕನ್ನಡಿ ಹಿಡಿದಂತಿದ್ದ ಆ ಬಂದೂಕನ್ನು ನೋಡಿದರೆ, ಬಂದೂಕಿನ ಶಕ್ತಿ ಮುಂದೆ ಹೋಗಿ ಅದನ್ನು ಮಾಡಿದವರ ಯೋಚನೆ ಹಿಂದೆ ಉಳಿದದ್ದು ಸ್ಪಷ್ಟವಾಗುತ್ತದೆ.

ಹೊಳಪಿನ ಮೇಲೆ ನಿಜವಾದ ಹೋರಾಟ ನಡೆದದ್ದು ಯುದ್ಧಭೂಮಿಯಲ್ಲಲ್ಲ, ಪಂದ್ಯದ ಮೈದಾನದಲ್ಲಿ. ಬ್ರಿಟನ್ನಿನ ನ್ಯಾಷನಲ್ ರೈಫಲ್ ಅಸೋಸಿಯೇಷನ್ 1859ರಲ್ಲಿ ಹುಟ್ಟಿತು. ಮರುವರ್ಷ ವಿಂಬಲ್ಡನ್ನಿನ ಬಯಲಿನಲ್ಲಿ ವಿಕ್ಟೋರಿಯಾ ರಾಣಿ ಮೊದಲ ಗುಂಡು ಹಾರಿಸಿ ಪಂದ್ಯಗಳನ್ನು ಆರಂಭಿಸಿದಳು. ಅಮೆರಿಕದ ಸಂಘ 1871ರಲ್ಲಿ ಆರಂಭವಾಗಿ, ನ್ಯೂಯಾರ್ಕಿನ ಬಳಿ ಕ್ರೀಡ್‌ಮೂರ್ ಎಂಬಲ್ಲಿ ಮೈದಾನ ಮಾಡಿತು. 1874ರಲ್ಲಿ ಅಲ್ಲಿ ಐರ್ಲೆಂಡಿನ ತಂಡಕ್ಕೂ ಅಮೆರಿಕದ ತಂಡಕ್ಕೂ 800, 900 ಮತ್ತು 1000 ಗಜಗಳ ಪಂದ್ಯ ನಡೆದು, ಅಮೆರಿಕ 934ಕ್ಕೆ 931 ಅಂಕಗಳಿಂದ ಗೆದ್ದಿತು. ಮೂರೇ ಅಂಕದ ಅಂತರ. ಇಂಥ ಪಂದ್ಯದಲ್ಲಿ ಒಂದು ಗುಂಡು ಅಂಗೈಯಗಲ ಸರಿದರೂ ಸೋಲು. ಸಿಪಾಯಿಗೆ ಸಾಲದಿದ್ದ ವ್ಯವಧಾನ ಪಂದ್ಯದ ಗುರಿಕಾರನಿಗೆ ಇತ್ತು; ಹೊಡೆದ ಪ್ರತಿ ಗುಂಡು ಎಲ್ಲಿ ಬಿತ್ತೆಂದು ಅವನಿಗೆ ತಿಳಿಯುತ್ತಿತ್ತು. ಮೋಡ ಸರಿದ ಕ್ಷಣದಲ್ಲಿ ಗುಂಡು ಯಾಕೆ ಸರಿಯಿತು ಎಂದು ಕೇಳಿಕೊಳ್ಳುವ ಸ್ಥಿತಿಯಲ್ಲಿ ಇದ್ದವನು ಅವನು ಮಾತ್ರ.

ಆ ಪಂದ್ಯಗಳಲ್ಲಿ ಫೋರ್‌ಸೈಟಿಗೆ ಒಂದು ಪುಟ್ಟ ಕೊಳವೆಯನ್ನು ತೊಡಿಸಿ, ಅದರೊಳಗೆ ಸೂಜಿಯಂಥ ಮೊನೆಯನ್ನೋ ಬಳೆಯನ್ನೋ ಇಡುವ ರೂಢಿ ಬಂತು. ಕೊಳವೆ ಸದಾ ನೆರಳು ಕೊಡುತ್ತದೆ. ಬಿಸಿಲು ಯಾವ ಕಡೆಯಿಂದ ಬಿದ್ದರೂ ಒಳಗಿನ ಮೊನೆ ಕಪ್ಪಾಗಿಯೇ ಕಾಣುತ್ತದೆ. ಇಂದಿನ ಒಲಿಂಪಿಕ್ಸ್ ರೈಫಲುಗಳ ಮುಂದಿನ ಸೈಟು ಇದೇ ಕೊಳವೆಯ ವಂಶಕ್ಕೆ ಸೇರಿದ್ದು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಏರ್ ರೈಫಲಿನದೂ ಅದೇ ಬಗೆ. ಯುದ್ಧದ ರೈಫಲಿಗೆ ಕೊಳವೆ ಅಷ್ಟಾಗಿ ಒಗ್ಗದು. ಕೆಸರು, ಹಿಮ ಒಳಗೆ ತುಂಬಿಕೊಳ್ಳುತ್ತದೆ, ಮಬ್ಬುಗತ್ತಲಲ್ಲಿ ಏನೂ ಕಾಣುವುದಿಲ್ಲ. ಜರ್ಮನರು ಮೌಸರ್ ರೈಫಲಿನ ಫೋರ್‌ಸೈಟಿಗೆ ಕಳಚಬಹುದಾದ ಗೂಡು ಹಾಕಿದರು. ಬ್ರಿಟಿಷರು ಲೀ-ಎನ್‌ಫೀಲ್ಡಿನಲ್ಲಿ ಎರಡೂ ಬದಿಗೆ ಕಿವಿಗಳನ್ನಿಟ್ಟು ಮೇಲ್ಭಾಗವನ್ನು ತೆರೆದೇ ಬಿಟ್ಟರು.

ಮೊನೆಯ ಆಕಾರವೂ ಬದಲಾಯಿತು. ಗುಂಡಗಿನ ಮಣಿಯಂಥ ಮೊನೆಯ ಮೇಲೆ ಬಿಸಿಲು ಒಂದು ಬದಿಯಲ್ಲಿ ಚುಕ್ಕಿಯಾಗಿ ಮಿರುಗುತ್ತದೆ. ಕಣ್ಣಿಗೆ ಆ ಚುಕ್ಕಿಯೇ ಮಣಿಯಾಗಿಬಿಡುತ್ತದೆ. 1890ರ ದಶಕದಲ್ಲಿ ಅಮೆರಿಕದ ಪಿಸ್ತೂಲು ಗುರಿಕಾರ ಇ. ಇ. ಪ್ಯಾಟ್ರಿಜ್ ಚಪ್ಪಟೆ ನೆತ್ತಿಯ ಚೌಕ ಮೊನೆಯನ್ನೂ ಅದಕ್ಕೆ ಒಪ್ಪುವ ಚೌಕ ಸೀಳನ್ನೂ ಬಳಕೆಗೆ ತಂದ. ಮೊನೆಯ ಎರಡೂ ಬದಿಗೆ ಸಮನಾದ ಬೆಳಕಿನ ಗೆರೆ ಕಂಡರೆ ನಡುವಿನಲ್ಲಿದೆ ಎಂದರ್ಥ. ಇಂದಿಗೂ ಬಹುತೇಕ ಪಿಸ್ತೂಲುಗಳ ಸೈಟು ಈ ಮಾದರಿಯದೇ. ಮುಂದೆ ಬಂದವರು ಮೊನೆಯ ಹಿಂಬದಿಯ ಮುಖವನ್ನು ಕೆಳಗಿನಿಂದ ಒಳಕ್ಕೆ ಕೊರೆದು ಅದರ ಮೇಲೆ ಅದರದೇ ನೆರಳು ಬೀಳುವಂತೆ ಮಾಡಿದರು. ಓರೆಯಾದ ಮೈಯ ಮೇಲೆ ಅಡ್ಡಡ್ಡ ಸಣ್ಣ ಗೀರುಗಳನ್ನು ಎಳೆದು ಬೆಳಕು ಕಣ್ಣಿನತ್ತ ಜಾರದಂತೆ ತಡೆದರು. ಒಳ್ಳೆಯ ಜೋಡುನಳಿಗೆ ಕೋವಿಗಳ ನಡುಪಟ್ಟಿಯ ಮೇಲೆ ಅರದಿಂದ ಕೊರೆದಿರುವ ಸಣ್ಣ ಗೀರುಗಳೂ ಈ ಕೆಲಸಕ್ಕೇ ಇರುವಂಥವು. ಅವನ್ನು ಬರಿಯ ಅಲಂಕಾರ ಎಂದುಕೊಳ್ಳುವವರೇ ಹೆಚ್ಚು.

ಶಿಕಾರಿಯವರ ದಾರಿ ಇದಕ್ಕೆ ಪೂರ್ತಿ ವಿರುದ್ಧವಾಗಿತ್ತು. ಬಿಳಿ ಹಲಗೆಯ ಮೇಲಿನ ಕರಿಯ ವೃತ್ತದ ಅಡಿಗೆ ಕರಿಯ ಮೊನೆಯನ್ನು ನಿಲ್ಲಿಸುವುದು ಪಂದ್ಯದವರಿಗೆ ಸರಿ. ಕಾಡಿನ ಅರೆಬೆಳಕಿನಲ್ಲಿ, ಪೊದೆಯ ಕಪ್ಪಿನೊಳಗೆ ನಿಂತ ಪ್ರಾಣಿಯ ಮೇಲೆ ಕರಿಯ ಮೊನೆ ಕಾಣುವುದೇ ಇಲ್ಲ. ಹಾಗಾಗಿ ಬೇಟೆಯ ರೈಫಲುಗಳಿಗೆ ದಂತದ, ಬೆಳ್ಳಿಯ, ಚಿನ್ನದ ಮಣಿಗಳನ್ನು ಕೂರಿಸುತ್ತಿದ್ದರು. ಭಾರತಕ್ಕೂ ಆಫ್ರಿಕಕ್ಕೂ ಬರುತ್ತಿದ್ದ ಇಂಗ್ಲಿಷ್ ರೈಫಲುಗಳಲ್ಲಿ ಬೇಕಾದಾಗ ಮೇಲಕ್ಕೆ ಮಡಿಚಿ ನಿಲ್ಲಿಸುವ ದೊಡ್ಡ ಬಿಳಿಯ ಮಣಿಯೂ ಇರುತ್ತಿತ್ತು. ಬೆಳದಿಂಗಳಲ್ಲಿ ಬಳಸಲೆಂದೇ ಇದ್ದ ಸೈಟು ಅದು. ಮಧ್ಯಾಹ್ನದ ಬಯಲಿನಲ್ಲಿ ಅದೇ ಮಣಿ ಒಂದು ಬದಿಗೆ ಹೊಳೆದು ಗುರಿ ತಪ್ಪಿಸುತ್ತಿತ್ತು. ಬೆಳಗಿಸಬೇಕೋ ಕಪ್ಪಾಗಿಸಬೇಕೋ ಎಂಬುದು ಹಿನ್ನೆಲೆಗೆ ಬಿಟ್ಟ ವಿಷಯವೇ ಹೊರತು ಎಲ್ಲ ಬಂದೂಕಿಗೂ ಹೊಂದುವ ಒಂದು ಉತ್ತರ ಇದಕ್ಕಿಲ್ಲ.

ಪಂದ್ಯದವರ ಕೈಗೆ ಮಸಿ ಸಿಕ್ಕಿದ್ದು ಅತ್ಯಂತ ಅಗ್ಗದ ದಾರಿಯಿಂದ. ಮೇಣದಬತ್ತಿ, ಸೀಮೆಎಣ್ಣೆಯ ಬುಡ್ಡಿ, ರಾಳ ತುಂಬಿದ ಪೈನ್ ಮರದ ಸೀಳು, ಕರ್ಪೂರ: ಹೊಗೆಯಾಡುವ ಯಾವ ಉರಿಯಾದರೂ ನಡೆಯುತ್ತಿತ್ತು. ಹರಳೆಣ್ಣೆಯ ದೀಪದ ಮೇಲೆ ತಟ್ಟೆ ಬೋರಲು ಹಾಕಿ ಕಣ್ಣಿಗೆ ಕಾಡಿಗೆ ಹಿಡಿಯುವ ಹಾಗೆಯೇ ಈ ಕೆಲಸ. ತಟ್ಟೆಯ ಜಾಗದಲ್ಲಿ ಬಂದೂಕಿನ ಮೂತಿ. ಆದರೆ ಉರಿಯಿಂದ ಉರಿಗೆ ಮಸಿಯ ಗುಣ ಬೇರೆ. ಮೇಣದಬತ್ತಿಯ ಮಸಿಯೊಡನೆ ಸುಡದ ಮೇಣವೂ ಬಂದು ಕೂತರೆ ಜಿಡ್ಡಾಗಿ ಮತ್ತೆ ಹೊಳೆಯುತ್ತದೆ. ಸೀಮೆಎಣ್ಣೆಗೂ ಅದೇ ದೋಷ. ಕರ್ಪೂರದ ಮಸಿ ಒಣಗಿದ್ದು, ಹಗುರ, ಸಮವಾಗಿ ಹರಡುತ್ತದೆ. ನಮ್ಮಲ್ಲಿ ಮಂಗಳಾರತಿಯ ತಟ್ಟೆಯನ್ನು ಬೆಳಗಿದವರಿಗೆಲ್ಲ ಆ ಮಸಿಯ ಕಪ್ಪು ಎಷ್ಟು ಗಾಢವೆಂದು ಗೊತ್ತು. ಡಬ್ಬಿಯ ಮುಚ್ಚಳದಲ್ಲಿ ಎರಡು ಬಿಲ್ಲೆ ಹೊತ್ತಿಸಿ, ಬಂದೂಕನ್ನು ಮಗುಚಿ ಹಿಡಿದು ಸೈಟನ್ನು ಉರಿಯ ತುದಿಗೆ ತಂದರೆ ಕೆಲವೇ ಸೆಕೆಂಡುಗಳಲ್ಲಿ ಕೆಲಸ ಮುಗಿಯುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆ ಪಡೆದದ್ದು ಕಾರ್ಬೈಡ್ ದೀಪ. 1892ರಲ್ಲಿ ಅಮೆರಿಕದ ಉತ್ತರ ಕೆರೊಲೈನಾದ ಸ್ಪ್ರೇ ಎಂಬ ಊರಿನಲ್ಲಿ ಥಾಮಸ್ ವಿಲ್ಸನ್ ಎಂಬ ಸಂಶೋಧಕ, ಅಲ್ಯೂಮಿನಿಯಂ ತೆಗೆಯುವ ಪ್ರಯತ್ನದಲ್ಲಿ ಸುಣ್ಣವನ್ನೂ ಇಂಗಾಲವನ್ನೂ ವಿದ್ಯುತ್ ಕುಲುಮೆಯಲ್ಲಿ ಕಾಯಿಸಿದಾಗ ಕ್ಯಾಲ್ಸಿಯಂ ಕಾರ್ಬೈಡ್ ದೊರಕಿತು. ಅದರ ಮೇಲೆ ನೀರು ಬಿದ್ದರೆ ಅಸಿಟಿಲೀನ್ ಅನಿಲ ಹೊರಡುತ್ತದೆ. ಕೆಲವೇ ವರ್ಷಗಳಲ್ಲಿ ಸೈಕಲ್ಲು, ಮೋಟಾರು, ಗಣಿಕೆಲಸಗಾರರ ಟೋಪಿ ಎಲ್ಲದರ ಮೇಲೂ ಕಾರ್ಬೈಡ್ ದೀಪ ಏರಿತು. ಮಾವಿನಕಾಯಿಯನ್ನು ಕಳ್ಳತನದಲ್ಲಿ ಹಣ್ಣು ಮಾಡಲು ಬಳಸಿ ಇಂದು ಕೆಟ್ಟ ಹೆಸರು ಪಡೆದಿರುವ, ಕಾನೂನು ನಿಷೇಧಿಸಿರುವ ಕಾರ್ಬೈಡ್ ಇದೇ. ಅಸಿಟಿಲೀನಿನ ತೂಕದಲ್ಲಿ 92 ಪ್ರತಿಶತ ಇಂಗಾಲ. ಸಾಕಷ್ಟು ಗಾಳಿ ಬೆರೆತರೆ ಅದು ಕಣ್ಣು ಕುಕ್ಕುವ ಬಿಳಿ ಬೆಳಕಾಗಿ ಉರಿಯುತ್ತದೆ, ಗಾಳಿ ಸಾಲದಿದ್ದರೆ ದಟ್ಟ ಕರಿಹೊಗೆಯನ್ನು ಕಾರುತ್ತದೆ. ದೀಪ ಮಾಡುವವರು ಮೊದಲನೆಯದನ್ನು ಬಯಸಿದರು, ಗುರಿಕಾರರು ಎರಡನೆಯದನ್ನು. ಮುಂದೆ ಬೆಳಕಿಗಲ್ಲದೆ ಹೊಗೆಗೆಂದೇ ಮಾಡಿದ ಪುಟ್ಟ ಕಾರ್ಬೈಡ್ ಡಬ್ಬಿಗಳೂ ಮಾರಾಟಕ್ಕೆ ಬಂದವು.

ಮುಷ್ಟಿಯಲ್ಲಿ ಹಿಡಿಯುವಷ್ಟು ದೊಡ್ಡದಾದ ಹಿತ್ತಾಳೆಯ ದೀಪದಲ್ಲಿ ಎರಡು ಅರೆ. ಕೆಳಗಿನ ಅರೆಯಲ್ಲಿ ಬೂದುಬಣ್ಣದ ಕಾರ್ಬೈಡ್ ಹರಳು, ಮೇಲಿನದರಲ್ಲಿ ನೀರು. ಮೇಲಿನ ಪುಟ್ಟ ಹಿಡಿಯನ್ನು ತಿರುಗಿಸಿದರೆ ನೀರು ತೊಟ್ಟಿಕ್ಕುತ್ತದೆ, ಒಳಗೆ ಸುಯ್ಯೆಂಬ ಸದ್ದು, ಬೆಳ್ಳುಳ್ಳಿಯಂಥ ಕಟು ವಾಸನೆ. ಉರಿ ಹಚ್ಚಿ, ಅದು ಹಳದಿಯಾಗಿ ನಾಲಗೆ ಚಾಚುವಾಗ ಸೈಟನ್ನು ತುದಿಗೆ ಒಡ್ಡಿ ನಿಧಾನವಾಗಿ ಆಚೀಚೆ ಹೊರಳಿಸಬೇಕು. ಉಕ್ಕಿನ ಮೇಲೆ ಮೊದಲು ಹಬೆಯ ಮಬ್ಬು ಕಟ್ಟಿ ಆರುತ್ತದೆ, ಆಮೇಲೆ ಕಪ್ಪು ಏರುತ್ತದೆ. ಮಸಿ ಹಿಡಿಯುವ ಮೊದಲು ಎಣ್ಣೆಯ ಪಸೆಯನ್ನು ಚೆನ್ನಾಗಿ ಒರೆಸದಿದ್ದರೆ ಶ್ರಮವೆಲ್ಲ ವ್ಯರ್ಥ, ಏಕೆಂದರೆ ಎಣ್ಣೆ ಕುಡಿದ ಮಸಿ ಹೊಳೆಯುತ್ತದೆ. ಹೆಚ್ಚು ಹೊತ್ತು ಹಿಡಿದರೆ ಮಸಿ ಪದರಪದರವಾಗಿ ಉಬ್ಬಿ ಮೊನೆಯ ಅಂಚು ಒರಟಾಗುತ್ತದೆ, ಬೆಸುಗೆ ಹಾಕಿದ ಮಣಿಯಾಗಿದ್ದರೆ ಸಡಿಲವಾಗಲೂಬಹುದು. ಸರಿಯಾಗಿ ಕೂತ ಮಸಿ ಮಖಮಲ್ಲಿನಂತೆ ಕಾಣುತ್ತದೆ. ಬೆರಳು ಸೋಕಿದರೆ ಸಾಕು, ಅಲ್ಲಿ ಮತ್ತೆ ಉಕ್ಕು ಇಣುಕುತ್ತದೆ. ಹೀಗಾಗಿ ಅಮೆರಿಕದ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲಿನ ಫೋರ್‌ಸೈಟಿಗೆ ಸಿಕ್ಕಿಸುತ್ತಿದ್ದ ತಗಡಿನ ಟೊಪ್ಪಿ, ತೆಳ್ಳನೆಯ ಮೊನೆಯನ್ನು ಏಟಿನಿಂದ ಕಾಯುವುದರ ಜೊತೆಗೆ ಮಸಿಯನ್ನೂ ಕಾಯುತ್ತಿತ್ತು.

ಈ ಅಭ್ಯಾಸಕ್ಕೆ ತವರು ಎನ್ನಬಹುದಾದ ಜಾಗ ಓಹಾಯೊ ರಾಜ್ಯದ ಈರಿ ಸರೋವರದ ದಡದಲ್ಲಿರುವ ಕ್ಯಾಂಪ್ ಪೆರಿ. 1907ರಿಂದ ಅಮೆರಿಕದ ರಾಷ್ಟ್ರೀಯ ಪಂದ್ಯಗಳು ನಡೆಯುವುದು ಅಲ್ಲಿ. ನೀರಿನ ಮೇಲಿನ ಬೆಳಕು, ಓಡುವ ಮೋಡ, ಬದಲಾಗುವ ಗಾಳಿ. ಸೈಟಿನ ಹೊಳಪಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಸಿಗಲಾರದು. ಸೈನಿಕರೂ ನಾಗರಿಕರೂ ಒಂದೇ ಸಾಲಿನಲ್ಲಿ ಹೊಡೆಯುತ್ತಿದ್ದ ಆ ಮೈದಾನದಲ್ಲಿ ಪಂದ್ಯದವರ ಉಪಾಯಗಳು ಸೈನ್ಯಕ್ಕೆ ದಾಟಿಕೊಂಡವು. ಎರಡನೆಯ ಮಹಾಯುದ್ಧದ ಹೊತ್ತಿನ ಅಮೆರಿಕದ ಸೈನ್ಯದ ರೈಫಲ್ ಕೈಪಿಡಿಗಳಲ್ಲಿ ಸೈಟು ಕಪ್ಪಾಗಿಸುವುದಕ್ಕೆ ಪ್ರತ್ಯೇಕ ಸೂಚನೆಯೇ ಇದೆ. ಗುರಿಯ ಅಭ್ಯಾಸ ಯಾವುದೇ ಇರಲಿ, ಮೊದಲು ಎರಡೂ ಸೈಟುಗಳನ್ನು ಒರೆಸಿ ಎಣ್ಣೆ ತೆಗೆದು, ಸಣ್ಣ ಉರಿಯ ತುದಿಯಲ್ಲಿ ಕೆಲವು ಸೆಕೆಂಡು ಹಿಡಿದು ಸಮನಾದ ಮಸಿ ಕೂರಿಸಬೇಕು ಎಂದು ಅವು ಹೇಳುತ್ತವೆ. ಕಾರ್ಬೈಡ್ ದೀಪ, ಸೀಮೆಎಣ್ಣೆ ದೀಪ, ಪೈನ್ ಕಡ್ಡಿ, ಮೇಣದಬತ್ತಿಗಳ ಜೊತೆಗೆ ಏನೂ ಸಿಗದವರಿಗೆ ಬೂಟಿನ ಪಾಲಿಷನ್ನೂ ಸೂಚಿಸಲಾಗಿತ್ತು.

ಇಷ್ಟು ಹೊತ್ತಿಗೆ ಕಾರ್ಖಾನೆಯವರೂ ಮಂಕು ಬಣ್ಣವನ್ನು ಸಾಧಿಸಿದ್ದರು ಎಂಬುದನ್ನು ಮರೆಯುವಂತಿಲ್ಲ. ಬರ್ಮಿಂಗ್‌ಹ್ಯಾಮಿನ ಥಾಮಸ್ ವಾಟ್ಸ್ ಕಾಸ್ಲೆಟ್ 1906ರಲ್ಲಿ ಕಬ್ಬಿಣವನ್ನು ಫಾಸ್ಫಾರಿಕ್ ಆಮ್ಲದ ಕುದಿಯುವ ದ್ರಾವಣದಲ್ಲಿ ಅದ್ದಿ ತುಕ್ಕು ತಡೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. 1915ರಲ್ಲಿ ಡೆಟ್ರಾಯಿಟ್‌ನಲ್ಲಿ ಆರಂಭವಾದ ಪಾರ್ಕರ್ ರಸ್ಟ್ ಪ್ರೂಫ್ ಕಂಪನಿ ಈ ವಿಧಾನವನ್ನು ಬೆಳೆಸಿತು. ಪಾರ್ಕರೈಸಿಂಗ್ ಎಂಬ ಹೆಸರು ಬಂದದ್ದು ಅದರಿಂದಲೇ. ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆ ಇದನ್ನು ರೈಫಲುಗಳಿಗೆ ಹಾಕತೊಡಗಿತು. ಮರಳು ಎರಚಿ ಒರಟು ಮಾಡಿದ ಉಕ್ಕಿನ ಮೇಲೆ ಬೆಳೆಯುವ ಫಾಸ್ಫೇಟ್ ಹರಳುಗಳು ಬೂದು, ಕಪ್ಪು, ಕೆಲವೊಮ್ಮೆ ಹಸಿರುಛಾಯೆಯ ಮಂಕು ಮೈಯನ್ನು ಕೊಡುತ್ತವೆ, ಎಣ್ಣೆಯನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಬ್ರಿಟಿಷರು ಮುಂದೆ ಫಾಸ್ಫೇಟಿನ ಮೇಲೆ ಕರಿಯ ಬಣ್ಣವನ್ನೂ ಬೇಯಿಸಿ ಹಚ್ಚಿದರು.

ಹಾಗಿದ್ದೂ ಮಸಿ ಉಳಿದದ್ದಕ್ಕೆ ಕಾರಣ ಇದೆ. ಬಂದೂಕಿನ ಮೈಯಲ್ಲಿ ಎಲ್ಲಕ್ಕಿಂತ ಬೇಗ ಸವೆಯುವುದು ಮುಂದಿನ ಸೈಟಿನ ಅಂಚು. ಚೀಲಕ್ಕೆ, ಬೆಲ್ಟಿಗೆ, ಗೋಡೆಗೆ, ಪಿಸ್ತೂಲಾದರೆ ತೊಗಲಿನ ಒರೆಗೆ ದಿನವೂ ಉಜ್ಜುವುದು ಅದೇ. ಗುರಿಕಾರನ ಕಣ್ಣು ನೆಟ್ಟಿರುವುದೂ ಅದರ ಮೇಲೆಯೇ. ಇಡೀ ಬಂದೂಕು ಕಪ್ಪಾಗಿದ್ದು ಅಕ್ಕಿಕಾಳಿಗಿಂತ ಸಣ್ಣದಾದ ಆ ಒಂದು ಅಂಚು ಬೆತ್ತಲಾದರೆ ಉಳಿದ ಕಪ್ಪಿನಿಂದ ಪ್ರಯೋಜನವಿಲ್ಲ. ಕಾರ್ಖಾನೆಯ ಬಣ್ಣ ಬಾಳಿಕೆಗಾಗಿ ಮಾಡಿದ್ದು. ಮಸಿ ಒಂದು ಹೊತ್ತಿಗಾಗಿ ಹಿಡಿದದ್ದು. ಬಾಳಿಕೆ ಬೇಡವೆಂದ ಮೇಲೆ ಗಟ್ಟಿತನವೂ ಬೇಡ, ಸಡಿಲವಾಗಿ ಕೂತಷ್ಟೂ ಕಪ್ಪು ಗಾಢ. ಯಾವ ಕಾರ್ಖಾನೆಯೂ ಮಾರಲಾಗದ ಗುಣ ಇದು. ಸೈಟನ್ನು ಕಪ್ಪಾಗಿಡುವ ಹೊಣೆ ಕಾರ್ಖಾನೆಯಿಂದ ಗುರಿಕಾರನ ಕೈಗೆ ಬಂದು ಅಲ್ಲೇ ನಿಂತದ್ದು ಹೀಗೆ.

ದೀಪಕ್ಕೆ ಎದುರಾಳಿಯಾಗಿ ಬಂದದ್ದು ಸ್ಪ್ರೇ ಡಬ್ಬಿ. 1949ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಎಡ್ವರ್ಡ್ ಸೀಮೋರ್ ಬಣ್ಣವನ್ನು ಒತ್ತಡದ ಡಬ್ಬಿಯಲ್ಲಿ ತುಂಬಿ ಸಿಂಪಡಿಸುವಂತೆ ಮಾಡಿದ. ಸೈಟಿಗೆಂದೇ ಮಾಡಿದ ಕರಿಯ ಸ್ಪ್ರೇ ಆಮೇಲೆ ಬಂತು. ಬರ್ಚ್‌ವುಡ್ ಕೇಸಿ ಕಂಪನಿಯ ಸೈಟ್ ಬ್ಲ್ಯಾಕ್ ಅವುಗಳಲ್ಲಿ ಪ್ರಸಿದ್ಧವಾದದ್ದು. ಸ್ಪ್ರೇಯ ತತ್ವವೂ ಮಸಿಯದೇ. ಬೇಗ ಆರುವ ದ್ರಾವಕದಲ್ಲಿ ಸಣ್ಣ ಕರಿಪುಡಿ ತೇಲುತ್ತಿರುತ್ತದೆ, ಹಿಡಿದಿಡುವ ಅಂಟು ಕಡಿಮೆ ಇರುತ್ತದೆ. ದ್ರಾವಕ ಆರಿದ ಮೇಲೆ ಪುಡಿ ಒರಟಾಗಿ ಲೋಹದ ಮೇಲೆ ನಿಲ್ಲುತ್ತದೆ. ಹತ್ತಿರದಿಂದ ಸಿಂಪಡಿಸಿದರೆ ಹಸಿಯಾಗಿ ಹರಿದು ನಯವಾಗುತ್ತದೆ, ತುಸು ದೂರದಿಂದ ತೆಳುವಾಗಿ ಎರಡು ಸಲ ಸಿಂಪಡಿಸಿದರೆ ಮಂಕಾಗುತ್ತದೆ. ಉರಿಯ ಅಪಾಯವಿಲ್ಲ, ಬೆಳ್ಳುಳ್ಳಿ ವಾಸನೆಯಿಲ್ಲ, ಗಾಳಿಯಲ್ಲೂ ಕೆಲಸ ಆಗುತ್ತದೆ. ಪ್ಲಾಸ್ಟಿಕ್ಕಿನ ಸೈಟುಗಳು, ಬಣ್ಣದ ಫೈಬರ್ ಕಡ್ಡಿ ಅಥವಾ ಕತ್ತಲಲ್ಲಿ ಬೆಳಗುವ ಟ್ರಿಟಿಯಂ ಕೊಳವೆ ಕೂರಿಸಿದ ಸೈಟುಗಳು ಬಂದ ಮೇಲಂತೂ ಉರಿ ಹಿಡಿಯುವ ಹಾಗೇ ಇಲ್ಲ, ಕರಗುತ್ತವೆ, ಒಡೆಯುತ್ತವೆ. ಮಸಿಯ ಕಪ್ಪಿಗೆ ಸ್ಪ್ರೇ ಸಮನಲ್ಲ ಎಂದು ವಾದಿಸುವ ಹಳಬರು ಇದ್ದರೂ ಅನುಕೂಲ ಗೆದ್ದಿತು.

ಅನಂತರ ಲೋಹದ ಸೈಟುಗಳೇ ಹಿನ್ನೆಲೆಗೆ ಸರಿದವು. 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ ಗಾಜಿನೊಳಗೆ ಕೆಂಪು ಚುಕ್ಕಿ ತೋರಿಸುವ ಸೈಟನ್ನು ಮಾರುಕಟ್ಟೆಗೆ ತಂದಿತು. ಮುಂದಿನ ದಶಕಗಳಲ್ಲಿ ಸೈನ್ಯಗಳು ಚುಕ್ಕಿಯ ಸೈಟಿಗೂ ಸಣ್ಣ ದುರ್ಬೀನಿಗೂ ಹೊರಳಿದವು. ಅಲ್ಲಿ ಹೊಳಪಿನ ತೊಂದರೆ ಗಾಜಿನದು. ಅದಕ್ಕೆ ಮಸೂರದ ಮುಂದೆ ಜೇನುಹುಟ್ಟಿನ ಕಣ್ಣುಗಳಂಥ ಜಾಲರಿಯನ್ನು ಕೂರಿಸುತ್ತಾರೆ. ಕ್ಯಾಂಪ್ ಪೆರಿಯ ಸೈನಿಕ ರೈಫಲಿನ ಪಂದ್ಯಗಳಲ್ಲೂ 2016ರಿಂದ ನಾಲ್ಕೂವರೆ ಪಟ್ಟು ಹಿಗ್ಗಿಸುವವರೆಗಿನ ದುರ್ಬೀನುಗಳಿಗೆ ಅನುಮತಿ ಸಿಕ್ಕಿತು. ಹಳೆಯ ರೈಫಲುಗಳನ್ನು ಇದ್ದಂತೆಯೇ ಬಳಸಬೇಕೆಂಬ ಗ್ಯಾರಂಡ್ ಪಂದ್ಯದಂಥ ಸ್ಪರ್ಧೆಗಳಲ್ಲಿ ಮಾತ್ರ ಲೋಹದ ಸೈಟು ಇಂದಿಗೂ ಕಡ್ಡಾಯ. ಅಲ್ಲಿನ ಗುರಿಕಾರರ ಪೆಟ್ಟಿಗೆಗಳಲ್ಲಿ ತೋಟಾ, ಎಣ್ಣೆಬಟ್ಟೆಗಳ ಜೊತೆಗೆ ಕರಿಯ ಸ್ಪ್ರೇಯೋ ಕಾರ್ಬೈಡ್ ದೀಪವೋ ಇರುತ್ತದೆ.